ಎಡಗಡೆಯ ಸೀಟು

ಫೆಬ್ರವರಿ ೩, ಸೋಮವಾರ

ಡಾಕ್ಟರು ಆರು ತಿಂಗಳು ಎಂದರು. ಆರು ತಿಂಗಳು ಸ್ಟೀರಿಂಗ್ ಮುಟ್ಟಬಾರದು, ಪಾಠವನ್ನೂ ಹೇಳಬಾರದು. ಮೂವತ್ತೊಂದು ವರ್ಷದಿಂದ ಜನರಿಗೆ ಕಾರು ಓಡಿಸುವುದನ್ನು ಕಲಿಸಿಕೊಂಡು ಬಂದವನು ನಾನು ಎಂದೆ. ಅದಕ್ಕೇ ಹೇಳುತ್ತಿದ್ದೇನೆ ಎಂದರು. ಆ ಮನುಷ್ಯನ ಹತ್ತಿರ ವಾದ ಮಾಡಿ ಗೆಲ್ಲುವುದಕ್ಕಾಗುವುದಿಲ್ಲ.

ನಡೆದದ್ದನ್ನು ಒಂದು ಸಲ ನೆಟ್ಟಗೆ ಬರೆದಿಡುತ್ತೇನೆ. ಕಳೆದ ಗುರುವಾರ ಹೊಲಿಗೆ ಅಂಗಡಿಯ ಹೆಂಗಸಿಗೆ ಹದಿನಾಲ್ಕನೆಯ ಪಾಠ. ದೊಡ್ಡ ವೃತ್ತದ ಹತ್ತಿರ ಮೂರನೆಯ ತಿರುವು ತೆಗೆದುಕೊಳ್ಳಿ ಎಂದದ್ದು ನೆನಪಿದೆ. ಆಮೇಲೆ ನೆನಪಿರುವುದು ಪೋಸ್ಟ್ ಆಫೀಸಿನ ಗೋಡೆ. ನಡುವೆ ನಾಲ್ಕು ಬೀದಿ, ಒಂದು ಸಿಗ್ನಲ್, ಒಂದು ಶಾಲೆ. ಅಷ್ಟನ್ನೂ ಆಕೆ ತಾನೊಬ್ಬಳೇ ದಾಟಿಸಿಕೊಂಡು ಬಂದು, ನಿಂತ ಎರಡು ಕಾರುಗಳ ನಡುವೆ ಹಿಮ್ಮುಖವಾಗಿ ನುಗ್ಗಿಸಿ, ಕೈಬ್ರೇಕ್ ಎಳೆದು, “ಸರಿಯಾಯ್ತಾ ಸರ್?” ಎಂದು ಕೇಳಿದ್ದಾಳೆ. ನಾನು ಕಣ್ಣು ತೆರೆದುಕೊಂಡೇ ಇದ್ದೆನಂತೆ. ಆದರೆ ಉತ್ತರವಿಲ್ಲ.

ಆಕೆಯ ತಪ್ಪೇನೂ ಇಲ್ಲ. ನನ್ನ ಹದಿನಾಲ್ಕನೆಯ ಪಾಠ ಊರಿಗೆಲ್ಲ ಗೊತ್ತು. ಆ ದಿನ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತೇನೆ. ವಿದ್ಯಾರ್ಥಿ ಏನು ಮಾಡಿದರೂ ತುಟಿ ಪಿಟಕ್ಕೆನ್ನುವುದಿಲ್ಲ. ಮೇಷ್ಟ್ರ ಮೌನ ಅಂದರೆ ಪರೀಕ್ಷೆ ಎಂದು ಹಳಬರು ಹೊಸಬರಿಗೆ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಆಕೆ ಹಲ್ಲು ಕಚ್ಚಿಕೊಂಡು ಓಡಿಸುತ್ತಲೇ ಹೋಗಿದ್ದಾಳೆ. ನಿಜ ಹೇಳಬೇಕೆಂದರೆ ಆಕೆ ಪಾಸಾದ ಹಾಗೆಯೇ.

ಡಾಕ್ಟರು ಒಂದು ಹಾಳೆ ಕೊಟ್ಟಿದ್ದಾರೆ. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಪ್ರತಿದಿನ ಎಚ್ಚರ ತಪ್ಪಿತೇ ಎಂಬ ಪ್ರಶ್ನೆಯ ಮುಂದೆ ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಒಂದು ‘ಹೌದು’ ಬಂದರೆ ಆರು ತಿಂಗಳು ಮತ್ತೆ ಮೊದಲಿನಿಂದ. ಅಷ್ಟೇ ಅಲ್ಲ, ಆಮೇಲೆ ಲೈಸೆನ್ಸೇ ಇರುತ್ತದೋ ಇಲ್ಲವೋ ನೋಡಬೇಕಾಗುತ್ತದೆ ಎಂದಿದ್ದಾರೆ. ಆ ಹಾಳೆ ಅವರಿಗೆ, ಈ ಪುಸ್ತಕ ನನಗೆ. ಇದು ಹಳೆಯ ಪಾಠದ ಪಟ್ಟಿಗಳ ಕೆಳಗೆ ಮೇಜಿನ ಡ್ರಾಯರಿನಲ್ಲಿರುತ್ತದೆ.

ಫೆಬ್ರವರಿ ೫, ಬುಧವಾರ

ಇವತ್ತು ಹೆಂಡತಿ ಕಾರು ಓಡಿಸಿದಳು. ಮನೆಯಿಂದ ಅವಳು ಕೆಲಸ ಮಾಡುವ ಗ್ರಂಥಾಲಯಕ್ಕೆ, ಅಲ್ಲಿಂದ ಮಾರುಕಟ್ಟೆಗೆ, ಮತ್ತೆ ಮನೆಗೆ.

ಅವಳದು ಹರಿದ ಪುಸ್ತಕಗಳನ್ನು ರಿಪೇರಿ ಮಾಡುವ ಕೆಲಸ. ಕಿತ್ತುಹೋದ ಬೆನ್ನಿಗೆ ಅಂಟು ಹಚ್ಚಿ, ಒತ್ತುಗಲ್ಲಿನ ಕೆಳಗಿಟ್ಟು, ಮೂರು ದಿನ ಮುಟ್ಟದೆ ಕಾಯಬಲ್ಲವಳು. ಮದುವೆಯಾದ ಮರುವರ್ಷ ನಾನೇ ಅವಳಿಗೆ ಓಡಿಸುವುದನ್ನು ಕಲಿಸಿದ್ದೆ. ಮೊದಲನೆಯ ಸಲಕ್ಕೇ ಪಾಸಾದಳು. ಆಮೇಲಿನ ಇಪ್ಪತ್ತಾರು ವರ್ಷ ನಾನು ಮನೆಯಲ್ಲಿರುವಾಗ ಅವಳೇಕೆ ಓಡಿಸಬೇಕು? ಹಾಗೆಂದು ನಾನು ಬೇಡ ಎಂದವನಲ್ಲ. ಕೀಲಿ ಯಾವಾಗಲೂ ನನ್ನ ಜೇಬಿನಲ್ಲಿರುತ್ತಿತ್ತು, ಅಷ್ಟೇ.

ನಮ್ಮದು ಪಾಠಕ್ಕೆಂದೇ ಇದ್ದ ಹಳೆಯ ಕಾರು. ಎಡಗಡೆಯ ಸೀಟಿನ ಕಾಲ ಬಳಿಯೂ ಒಂದು ಬ್ರೇಕ್ ಇದೆ. ಮೂವತ್ತೊಂದು ವರ್ಷ ನಾನು ಕೂತದ್ದು ಆ ಸೀಟಿನಲ್ಲೇ. ಆದರೆ ಆಗ ನಾನಾಗಿ ಕೂತಿದ್ದೆ, ಈಗ ನನ್ನನ್ನು ಕೂರಿಸಿದ್ದಾರೆ. ಇವತ್ತು ಒಂಬತ್ತು ಸಲ ಬ್ರೇಕ್ ಒತ್ತಿದೆ. ಒಂಬತ್ತೂ ಅಗತ್ಯವಿತ್ತು.

ಮನೆಗೆ ಬಂದು ತರಕಾರಿ ಇಳಿಸಿದ ಮೇಲೆ ಅವಳು ಮೆತ್ತಗೆ ಹೇಳಿದಳು: “ಒಂದೋ ನೀವು ಓಡಿಸಿ, ಇಲ್ಲಾ ನಾನು ಓಡಿಸ್ತೀನಿ. ಇಬ್ರೂ ಸೇರಿ ಒಂದೇ ಕಾರು ಓಡಿಸೋಕಾಗಲ್ಲ.” ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದೆ ಎಂದು ಅವಳ ಆರೋಪ.

ಫೆಬ್ರವರಿ ೧೧, ಮಂಗಳವಾರ

ನನ್ನ ಡ್ರೈವಿಂಗ್ ಶಾಲೆಯನ್ನು ಈಗ ಭಾವಮೈದುನ ಬೇರೊಂದು ಕಾರು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಾನೆ. ಕಿಟಕಿಯಿಂದ ನೋಡಿದೆ. ಕ್ಲಚ್ ಬಿಡುವುದು ಹೇಗೆಂದು ಕಾರು ಹತ್ತುವುದಕ್ಕೆ ಮುಂಚೆಯೇ ಇಪ್ಪತ್ತು ನಿಮಿಷ ಉಪನ್ಯಾಸ ಬಿಗಿಯುತ್ತಾನೆ. ಪಾಪ, ಕಲಿಯುವವರಿಗೆ ನಿಂತಲ್ಲೇ ಕಾಲು ನೋವು. ಆದರೂ ಯಾರೂ ಬಿಟ್ಟುಹೋಗಿಲ್ಲ. ಅದು ಸಂತೋಷದ ವಿಷಯ ಎಂದು ಹೆಂಡತಿ ಹೇಳಿದಳು. ಇರಬಹುದು.

ಫೆಬ್ರವರಿ ೧೯, ಬುಧವಾರ

ಬರೆಯಲೋ ಬೇಡವೋ ಎಂದು ಮಧ್ಯಾಹ್ನದಿಂದ ಸುಮ್ಮನೆ ಕೂತಿದ್ದೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಹಾಲು ಕಾಯಿಸಲು ಇಟ್ಟೆ. ಒಲೆಯ ಮುಂದೆ ನಿಂತಿದ್ದೆ. ಆಮೇಲೆ ಹಾಲು ಒಲೆಯ ತುಂಬ ಹರಿದು, ನೆಲಕ್ಕೆ ತೊಟ್ಟಿಕ್ಕಿ, ಪಾತ್ರೆಯ ತಳ ಕಪ್ಪಾಗಿ ವಾಸನೆ ಎದ್ದಿತ್ತು. ನಾನು ನಿಂತಲ್ಲೇ ಇದ್ದೆ. ಕೈಯಲ್ಲಿ ಚಮಚ ಹಾಗೇ ಇತ್ತು. ಹಾಲು ಉಕ್ಕಿದ್ದನ್ನು ನಾನು ನೋಡಿಲ್ಲ. ಅಷ್ಟು ಹಾಲು ಉಕ್ಕಿ ಸೀಯುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದೆ, ಆಮೇಲೆ ಬೇಡವೆಂದು ಬಿಟ್ಟೆ.

ಒಲೆ ಒರೆಸಿದೆ. ನೆಲ ಒರೆಸಿದೆ. ಪಾತ್ರೆ ಉಜ್ಜಿದೆ. ಕಿಟಕಿ ತೆರೆದಿಟ್ಟೆ. ಅವಳು ಬಂದಾಗ ಹಾಲು ಉಕ್ಕಿತು, ಫೋನಿನಲ್ಲಿ ಮಾತಾಡುತ್ತಿದ್ದೆ ಎಂದೆ. ಸರಿ ಎಂದಳು.

ಹಾಳೆಯಲ್ಲಿ ‘ಇಲ್ಲ’ ಎಂದು ಬರೆದಿದ್ದೇನೆ. ನನಗೆ ಭಯವಾಗಿದೆ. ಕಾರು ಓಡಿಸುವುದು, ಓಡಿಸುವುದನ್ನು ಕಲಿಸುವುದು, ಇವೆರಡು ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ? ಈ ವಯಸ್ಸಿನಲ್ಲಿ ಮನೆಯಲ್ಲಿ ಕೂತು ಹಾಲು ಕಾಯಿಸಲೇ? ಅದೂ ನೆಟ್ಟಗೆ ಬರುವುದಿಲ್ಲ ಎಂದು ಇವತ್ತೇ ಗೊತ್ತಾಯಿತಲ್ಲ.

ಫೆಬ್ರವರಿ ೨೦, ಗುರುವಾರ

ಇಲ್ಲ.

ಮಾರ್ಚ್ ೪, ಮಂಗಳವಾರ

ಶನಿವಾರ ಹೆಂಡತಿ ಎಣ್ಣೆ ಬದಲಾಯಿಸುವುದಕ್ಕೆಂದು ಕಾರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟು ಬಂದಿದ್ದಳು. ಅವನು ಕೆಲಸಗಳ್ಳ. ನನ್ನ ಕಡೆಯ ಬ್ರೇಕು ಸಡಿಲವಾದ ಹಾಗಿದೆ, ಬಿಗಿ ಮಾಡಿಲ್ಲ. ಒತ್ತಿದರೆ ಸಲೀಸಾಗಿ ಕೆಳಗೆ ಹೋಗುತ್ತದೆ. ಆದರೂ ಕೆಲಸ ಮಾಡುತ್ತದೆ. ಇವತ್ತು ಆಸ್ಪತ್ರೆಯ ತಿರುವಿನಲ್ಲಿ ಒತ್ತಿದೆ, ಕಾರು ನಿಂತಿತು. ಗ್ರಂಥಾಲಯದ ಮುಂದೆ ಒತ್ತಿದೆ, ನಿಂತಿತು. ನಾನು ಒತ್ತಿದಾಗ ಅವಳು ಮೊದಲಿನ ಹಾಗೆ ಗುರ್ ಎನ್ನುವುದೂ ಇಲ್ಲ. ಇಬ್ಬರಿಗೂ ಹೊಂದಿಕೆಯಾಗುತ್ತಿದೆ ಎಂದುಕೊಳ್ಳುತ್ತೇನೆ.

ಮಾರ್ಚ್ ೧೪, ಶುಕ್ರವಾರ

ಸೆಕೆಂಡ್ ಗೇರ್ ಫೋನ್ ಮಾಡಿದ್ದ. ಮುಂದಿನ ಶನಿವಾರ ಬನ್ನಿ, ಒಂದು ದಿನ ಉಳಿದು ಹೋಗಿ ಎಂದ.

ಅವನು ನನ್ನ ಹಳೆಯ ಗೆಳೆಯ. ಶಾಲೆಯನ್ನು ಇಬ್ಬರೂ ಸೇರಿ ಶುರು ಮಾಡಿದ್ದು. ಮಾತು, ನಡಿಗೆ, ಊಟ, ನಗು, ಯಾವುದರಲ್ಲೂ ಅವನು ಎರಡನೆಯ ಗೇರು ದಾಟಿದವನಲ್ಲ, ಅದಕ್ಕೇ ಆ ಹೆಸರು. ಹದಿನೆಂಟು ವರ್ಷದ ಕೆಳಗೆ ನನಗಿದು ಸಾಕಪ್ಪ ಎಂದು ಬಿಟ್ಟು, ಸಮುದ್ರದ ಪಕ್ಕದ ಊರಿಗೆ ಹೋಗಿ ಸೈಕಲ್ ಅಂಗಡಿ ಇಟ್ಟ. ಅವನ ಹೆಂಡತಿ ಅಲ್ಲಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ವರ್ಷಕ್ಕೊಂದು ಸಲ ನಾವು ಹೋಗುತ್ತೇವೆ. ನೂರಾ ಎಪ್ಪತ್ತು ಕಿಲೋಮೀಟರ್. ನನ್ನ ದಾಖಲೆ ಎರಡು ಗಂಟೆ ಐವತ್ತು ನಿಮಿಷ.

ಆಸ್ಪತ್ರೆಯ ಸಂಗತಿ ಅವರಿಗೆ ಹೇಳಿಲ್ಲ. ಹೇಳಕೂಡದು ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದೇನೆ. ಇನ್ನೊಂದನ್ನೂ ಕೇಳಿದೆ. ಊರು ಎರಡು ಕಿಲೋಮೀಟರ್ ಇರುವಾಗ ಐಸ್ ಕಾರ್ಖಾನೆಯ ಹತ್ತಿರ ರಸ್ತೆ ಕವಲೊಡೆಯುತ್ತದೆ. ಅಲ್ಲಿಂದ ಮುಂದಕ್ಕೆ ನಾನು ಓಡಿಸುತ್ತೇನೆ ಎಂದೆ. ಅವನ ಗೇಟಿನ ಮುಂದೆ ನಾನು ಎಡಗಡೆಯಿಂದ ಇಳಿದರೆ ಅವನು ಏನು ತಿಳಿದುಕೊಳ್ಳುವುದಿಲ್ಲ? ಜನ್ಮವಿಡೀ ಅವನ ಮುಂದೆ ಜಂಬ ಕೊಚ್ಚಿಕೊಂಡು ಬಂದವನು ನಾನು.

ಸಾಧ್ಯವೇ ಇಲ್ಲ ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಮಾರ್ಚ್ ೨೩, ಭಾನುವಾರ, ಬೆಳಿಗ್ಗೆ

ಸೆಕೆಂಡ್ ಗೇರ್ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎಲ್ಲರೂ ಇನ್ನೂ ಮಲಗಿದ್ದಾರೆ. ನಿನ್ನೆಯದನ್ನು ಬಿಸಿಯಾಗಿರುವಾಗಲೇ ಬರೆಯಬೇಕು.

ಆರೂವರೆಗೆ ಹೊರಟೆವು. ಹೆದ್ದಾರಿ ಬೇಡ, ಹಳೆಯ ಸಮುದ್ರದ ರಸ್ತೆಯಲ್ಲಿ ಹೋಗೋಣ, ನನಗೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುತ್ತೇನೆ, ಸಂಜೆಯೊಳಗೆ ಸೇರಿದರಾಯಿತು ಎಂದಳು. ಮೂರು ಗಂಟೆಯ ದಾರಿಗೆ ಇಡೀ ದಿನ. ನನ್ನ ವಿದ್ಯಾರ್ಥಿಯಾಗಿದ್ದರೆ ಫೇಲು ಮಾಡುತ್ತಿದ್ದೆ. ಆದರೆ ಕೀಲಿ ಅವಳ ಕೈಯಲ್ಲಿತ್ತು.

ಮೊದಲು ನಿಲ್ಲಿಸಿದ್ದು ಉಪ್ಪಿನ ಗದ್ದೆಗಳ ಹತ್ತಿರ. ಒಬ್ಬ ಮುದುಕ ಉದ್ದ ಕೋಲಿನ ಹಲಗೆಯಿಂದ ಉಪ್ಪನ್ನು ಅಂಚಿಗೆ ಎಳೆಯುತ್ತಿದ್ದ. ಇವಳು ಇಳಿದು ಹೋಗಿ ಅವನೊಂದಿಗೆ ಮಾತಿಗೆ ನಿಂತಳು. ಉಪ್ಪು ಎಷ್ಟು ದಿನಕ್ಕೆ ಕೂಡುತ್ತದೆ, ಕಾಲಿಗೆ ಏನು ಹಚ್ಚಿಕೊಳ್ಳುತ್ತೀರಿ ಎಂದೆಲ್ಲ ಕೇಳಿದಳು. ನಾನು ಕಾರಿನಲ್ಲೇ ಕೂತು ಗಡಿಯಾರ ನೋಡುತ್ತಿದ್ದೆ. ಆಮೇಲೆ ಸೆಕೆ ಎನಿಸಿ ಇಳಿದೆ. ಮುದುಕ ನನ್ನ ಕೈಗೂ ಒಂದು ಹಿಡಿ ಉಪ್ಪು ಕೊಟ್ಟ. ಕಲ್ಲಿನ ಹಾಗೆ ದಪ್ಪ, ಇನ್ನೂ ಒದ್ದೆ. ಏನು ಮಾಡುವುದೆಂದು ತೋಚದೆ ಕರ್ಚೀಫಿನಲ್ಲಿ ಕಟ್ಟಿಟ್ಟುಕೊಂಡೆ.

ಮೀನುಗಾರರ ಬಂದರಿನ ಗೋಡೆಯ ಮೇಲೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆವು. ಎದುರಿಗೆ ದಡಕ್ಕೆ ಎಳೆದಿಟ್ಟ ದೋಣಿಯ ಮೇಲೆ ಒಬ್ಬ ನಂಬರು ಬರೆಯುತ್ತಿದ್ದ. ಕೆಳಗೆ ಗೆರೆ ಹಾಕಿಕೊಂಡಿರಲಿಲ್ಲ. ಒಂದು ಸಲವೂ ಕುಂಚ ನಡುಗಲಿಲ್ಲ. ಅವನನ್ನು ನೋಡುತ್ತ ನನಗೆ ಹೊಟ್ಟೆ ಉರಿಯಿತು. ತನ್ನ ಕೈ ತನ್ನ ಮಾತು ಕೇಳುತ್ತದೆ ಎಂಬ ನಂಬಿಕೆ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಾರದು. ನನಗೂ ಜನವರಿಯವರೆಗೆ ಗೊತ್ತಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ನದಿ ಸಮುದ್ರ ಸೇರುವ ಜಾಗಕ್ಕೆ ಬಂದೆವು. ಸೇತುವೆ ರಿಪೇರಿಯಲ್ಲಿತ್ತು, ಕಾರುಗಳನ್ನು ದೋಣಿಯ ಮೇಲೆ ದಾಟಿಸುತ್ತಿದ್ದರು. ಎರಡು ಹಲಗೆಯ ಮೇಲೆ ಚಕ್ರ ಹತ್ತಿಸಬೇಕು. ನಾನು ಎಡಕ್ಕೆ, ಇನ್ನೂ ಎಡಕ್ಕೆ, ಕ್ಲಚ್ಚು ಅರ್ಧ, ಎನ್ನುತ್ತಿದ್ದೆ. ಅವಳು ಹಲಗೆಯ ಮೇಲಿನ ಕಣ್ಣು ತೆಗೆಯದೆ, “ಹದಿನಾಲ್ಕನೇ ಪಾಠ, ರೀ,” ಎಂದಳು. ಬಾಯಿ ಮುಚ್ಚಿದೆ. ಚಕ್ರಗಳು ಹಲಗೆಯ ನಟ್ಟನಡುವೆ ಹತ್ತಿದವು. ದೋಣಿಯವನು ತಲೆಯಾಡಿಸಿದ. ಇವಳಿಗೆ ಕಲಿಸಿದವನು ಯಾರೆಂದು ಅವನಿಗೆ ಹೇಳಬೇಕೆನಿಸಿತು, ಹೇಳಲಿಲ್ಲ.

ನದಿ ದಾಟಿದ ಮೇಲೆ ಒಂದು ತಿರುವು. ಗಾಳಿಗೆ ಮರಳು ಬಂದು ರಸ್ತೆಯ ಅರ್ಧ ಮುಚ್ಚಿತ್ತು. ಅದರ ಆಚೆ ಒಂದು ನಾಯಿ, ರಸ್ತೆಯ ನಡುವೆ ಹಾಯಾಗಿ ಮಲಗಿತ್ತು. ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಯಿತು, ಇದ್ದ ಬಲವೆಲ್ಲ ಹಾಕಿ ಒತ್ತಿದೆ. ಪೆಡಲು ನೆಲ ಮುಟ್ಟಿತು. ಹಾಗೆ ಒತ್ತಿದ್ದಕ್ಕೆ ಆ ಮರಳಿನ ಮೇಲೆ ಚಕ್ರ ಜಾರಿ ಕಾರು ಅಡ್ಡ ತಿರುಗಬೇಕಿತ್ತು. ತಿರುಗಲಿಲ್ಲ. ಕಾರು ಮೆಲ್ಲಗೆ ವೇಗ ಇಳಿಸಿಕೊಂಡು, ನಾಯಿಗೆ ಹತ್ತು ಅಡಿ ದೂರದಲ್ಲಿ, ತೊಟ್ಟಿಲು ನಿಂತ ಹಾಗೆ ನಿಂತಿತು. ನಾಯಿ ಎದ್ದು ಮೈಮುರಿದು ಪಕ್ಕಕ್ಕೆ ಹೋಯಿತು.

ನಾನು ಕಾಲು ತೆಗೆದು ಇನ್ನೊಂದು ಸಲ ಒತ್ತಿ ನೋಡಿದೆ. ಮತ್ತೆ ನೆಲ. ಮೂವತ್ತೊಂದು ವರ್ಷದ ಅನುಭವ ಇಟ್ಟುಕೊಂಡು, ಕಿತ್ತ ಬ್ರೇಕಿಗೂ ಸಡಿಲ ಬ್ರೇಕಿಗೂ ವ್ಯತ್ಯಾಸ ತಿಳಿಯದೆ ಮೂರು ವಾರ ಒತ್ತಿದ್ದೇನೆ. ಇದನ್ನು ಹೊರಗೆ ಹೇಳಿದರೆ ಶಾಲೆಯ ಬೋರ್ಡು ಇಳಿಸಬೇಕಾಗುತ್ತದೆ.

“ನಿಮ್ಮ ಕಡೆ ಬ್ರೇಕಿನ ತಂತಿ ಮೆಕ್ಯಾನಿಕ್‌ಗೆ ಹೇಳಿ ತೆಗೆಸಿದೆ,” ಎಂದಳು, ರಸ್ತೆಯನ್ನೇ ನೋಡುತ್ತ. “ಹೇಳಿದ್ರೆ ನೀವು ಕಾರೇ ಹತ್ತುತ್ತಿರಲಿಲ್ಲ.”

ಸಿಟ್ಟು ಬರಬೇಕಿತ್ತು. ಬರಲಿಲ್ಲ ಎಂದರೆ ಸುಳ್ಳು, ಸ್ವಲ್ಪ ಬಂತು. ಆದರೆ ಅದಕ್ಕಿಂತ ಮೊದಲು ಬೇರೊಂದು ಹೊಳೆಯಿತು. ಆಸ್ಪತ್ರೆಯ ತಿರುವು, ಗ್ರಂಥಾಲಯದ ಮುಂದೆ, ಮಾರುಕಟ್ಟೆ, ಎಲ್ಲ ಕಡೆಯೂ ನಿಲ್ಲಿಸಿದ್ದು ಅವಳೇ. ನಾನು ಒತ್ತಬೇಕು ಎಂದುಕೊಂಡ ಕ್ಷಣದಲ್ಲೇ ಅವಳೂ ಒತ್ತಿದ್ದಳು, ನನಗಿಂತ ಮೆತ್ತಗೆ. ಎರಡು ಕಾಲನ್ನೂ ಸೀಟಿನ ಕೆಳಕ್ಕೆ ಎಳೆದುಕೊಂಡೆ. ಅವುಗಳಿಗೆ ಇನ್ನೇನೂ ಕೆಲಸವಿರಲಿಲ್ಲ.

ಕಾಲಿಗೆ ಕೆಲಸವಿಲ್ಲದಿದ್ದರೆ ಕಣ್ಣು ಅತ್ತಿತ್ತ ಹೋಗುತ್ತದೆ. ಎಡಗಡೆಗೆ ತಿರುಗಿದರೆ ಸಮುದ್ರ. ಹದಿನೆಂಟು ವರ್ಷದಿಂದ ಈ ಊರಿಗೆ ಬರುತ್ತಿದ್ದೇನೆ, ಅದು ಅಲ್ಲಿದೆ ಎಂದು ಗೊತ್ತಿತ್ತು. ಹೀಗಿದೆ ಎಂದು ಗೊತ್ತಿರಲಿಲ್ಲ. ದಡದ ಹತ್ತಿರ ಕಂದು, ಸ್ವಲ್ಪ ಆಚೆ ಹಸಿರು, ಅದರಾಚೆ ಒಂದು ಗೆರೆ ಎಳೆದ ಹಾಗೆ ಬಣ್ಣ ಬದಲಾಗಿ ಕಡುನೀಲಿ. ಆ ಗೆರೆಯ ಮೇಲೆ ದೋಣಿಗಳು. ಅವು ನಿಂತಿವೆಯೋ ಹೋಗುತ್ತಿವೆಯೋ ಎಂದು ನೋಡುತ್ತ ನೋಡುತ್ತ ಎರಡು ಹಳ್ಳಿ ದಾಟಿದ್ದು ಗೊತ್ತಾಗಲಿಲ್ಲ. ಆ ಎರಡು ಹಳ್ಳಿಯಲ್ಲಿ ಅವಳು ಹೇಗೆ ಓಡಿಸಿದಳೆಂದು ಕೇಳಿದರೆ ನಾನು ಹೇಳಲಾರೆ.

ಮಧ್ಯಾಹ್ನ ದೀಪಸ್ತಂಭದ ಕೆಳಗಿನ ಮರದ ನೆರಳಿನಲ್ಲಿ ಕಳೆಯಿತು. ಅವಳು ಕಲ್ಲುಬೆಂಚಿನ ಮೇಲೆ ಚೀಲವನ್ನು ತಲೆಗಿಟ್ಟುಕೊಂಡು ಒಂದು ಗಂಟೆ ನಿದ್ದೆ ಹೊಡೆದಳು. ಬೆರಳ ತುದಿಯಲ್ಲಿ ಅಂಟಿನ ಕಲೆ ಹಾಗೇ ಇತ್ತು. ಇಷ್ಟು ನಿಶ್ಚಿಂತೆಯಿಂದ ಮಲಗಿದ್ದಾಳಲ್ಲ, ಫ್ರಿಜ್ಜಿನ ಮೇಲಿನ ಆ ಹಾಳೆಯನ್ನು ನಂಬಿಕೊಂಡು ಮಲಗಿದ್ದಾಳೆ ಎನಿಸಿತು. ಅವಳನ್ನು ಎಬ್ಬಿಸಿ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ.

ಐದು ಗಂಟೆಯ ಹೊತ್ತಿಗೆ ಐಸ್ ಕಾರ್ಖಾನೆಯ ಕವಲು ಬಂತು. ನಾನು ಏನೂ ಕೇಳಿರಲಿಲ್ಲ. ದಿನವೆಲ್ಲ ಅದನ್ನು ಮರೆತೇ ಹೋಗಿದ್ದೆ. ಅವಳು ತಾನಾಗಿಯೇ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಯನ್ನು ನನ್ನ ಮುಂದೆ ಹಿಡಿದಳು.

“ತಗೊಳ್ಳಿ. ಎರಡೇ ಕಿಲೋಮೀಟರ್. ನಲವತ್ತೆಂಟು ದಿನ ಏನೂ ಆಗಿಲ್ಲ ತಾನೆ? ನಾನು ಯಾರಿಗೂ ಹೇಳಲ್ಲ. ಇವತ್ತು ಪಾಪ, ನೀವು ತುಂಬ ಒಳ್ಳೆಯವರಾಗಿದ್ರಿ.”

ಇಷ್ಟು ದಿನ ನಾನು ಕಾದದ್ದು ಇದಕ್ಕೇ. ಇಳಿದು ಈ ಕಡೆ ಬಂದೆ. ಸೀಟು ಹಿಂದಕ್ಕೆ ಸರಿಸಿದೆ, ಕನ್ನಡಿ ತಿರುಗಿಸಿದೆ, ಬೆಲ್ಟು ಹಾಕಿದೆ, ಕೀಲಿ ತಿರುಗಿಸಿದೆ. ಸ್ಟೀರಿಂಗ್ ಮೇಲೆ ಅವಳ ಕೈಯ ಬಿಸಿ ಇನ್ನೂ ಇತ್ತು. ಅಷ್ಟರಲ್ಲಿ ಕಾರ್ಖಾನೆಯ ಪಾಳಿ ಬಿಟ್ಟಿತು. ಗಂಡಸರು, ಹೆಂಗಸರು, ಸೈಕಲ್ಲಿನವರು, ಡಬ್ಬಿ ಹಿಡಿದವರು, ಇಬ್ಬಿಬ್ಬರು ಮೂವರು ಸಾಲಾಗಿ ಹರಟುತ್ತ ರಸ್ತೆಯ ಅಂಚಿನಲ್ಲಿ ನಡೆಯತೊಡಗಿದರು. ಎಲ್ಲರ ಬೆನ್ನೂ ನಮ್ಮ ಕಡೆಗೆ.

ನಾನು ಅವಳ ಕಡೆ ನೋಡಿದೆ. ಎಡಗಡೆಯ ಸೀಟಿನಲ್ಲಿ ಕೂತು, ಚೀಲವನ್ನು ಕಾಲ ಬಳಿ ಇಟ್ಟು, ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಸಮುದ್ರ ನೋಡುತ್ತಿದ್ದಳು. ನನ್ನ ಕೈಯನ್ನೂ ನೋಡುತ್ತಿರಲಿಲ್ಲ, ರಸ್ತೆಯನ್ನೂ ನೋಡುತ್ತಿರಲಿಲ್ಲ. ಅವಳ ಪಾಲಿಗೆ ನಾನು ಸರಿಹೋಗಿದ್ದೆ. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಎಂಜಿನ್ ಆರಿಸಿದೆ.

“ಯಾಕ್ರೀ?”

“ಇನ್ನೊಂದು ಸಲ ಆಗಿತ್ತು ಕಣೇ. ಹಾಲು ಉಕ್ಕಿದ ದಿನ. ಫೋನೂ ಇಲ್ಲ, ಏನೂ ಇಲ್ಲ. ನಿಂತೇ ಇದ್ದೆ, ಗೊತ್ತಾಗಲಿಲ್ಲ.”

ಅವಳು ಮಡಿಲಿನಿಂದ ಕೈ ತೆಗೆದು ಬಾಗಿಲ ಹಿಡಿಯ ಮೇಲಿಟ್ಟಳು. ಆಮೇಲೆ, “ಅವತ್ತು ನೀವು ಒಲೆ ಒರೆಸಿದ್ರಿ,” ಎಂದಳು. “ಮದುವೆ ಆದ್ಮೇಲೆ ಮೊದಲನೇ ಸಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.”

ಬಾಗಿಲು ತೆಗೆದು ಇಳಿದು, ದಡದ ಕಲ್ಲುಗೋಡೆಯ ತನಕ ಹೋಗಿ, ನನಗೆ ಬೆನ್ನು ಮಾಡಿ ನಿಂತಳು. ಪಾಳಿ ಬಿಟ್ಟವರೆಲ್ಲ ದಾಟಿಹೋಗಿ ರಸ್ತೆ ಖಾಲಿಯಾಗುವ ತನಕ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಲ್ಲಬೇಕಿತ್ತು, ಧೈರ್ಯ ಬರಲಿಲ್ಲ. ಕಣ್ಣು ಒರೆಸಿಕೊಂಡಳೋ ಗಾಳಿಗೆ ಹಾರಿದ ಕೂದಲು ಸರಿಸಿಕೊಂಡಳೋ ಹಿಂದಿನಿಂದ ತಿಳಿಯಲಿಲ್ಲ.

ವಾಪಸು ಬಂದು ನನ್ನ ಕಡೆಯ ಬಾಗಿಲು ತೆರೆದಳು. “ನನಗೆ ತುಂಬ ಸಿಟ್ಟು ಬಂದಿದೆ. ಅದನ್ನ ಮನೇಲಿ ತೋರಿಸ್ತೀನಿ. ಈಗ ಆ ಕಡೆ ಹೋಗಿ.”

ಆ ಕಡೆ ಹೋದೆ. ಅವಳು ಸೀಟು ಮುಂದಕ್ಕೆ ಎಳೆದುಕೊಂಡು ಕನ್ನಡಿ ತನಗೆ ಬೇಕಾದ ಹಾಗೆ ತಿರುಗಿಸಿಕೊಂಡಳು. ಸೋಮವಾರ ಡಾಕ್ಟರ ಹತ್ತಿರ ಹೋಗುವುದು, ಎಲ್ಲವನ್ನೂ ಹೇಳುವುದು ಎಂದಳು. ಹೂಂ ಎಂದೆ. ಲೈಸೆನ್ಸು ಹೋದರೆ ಹೋಗಲಿ ಎಂದಳು. ಅದಕ್ಕೂ ಹೂಂ ಎಂದೆ. ಅಷ್ಟು ಸುಲಭವಾಗಿ ಬಾಯಿಂದ ಹೇಗೆ ಬಂತೋ.

ಸೆಕೆಂಡ್ ಗೇರ್ ಗೇಟಿನಲ್ಲೇ ನಿಂತಿದ್ದ. ಕಾರು ನಿಂತ ಕೂಡಲೇ ರೂಢಿಯ ಹಾಗೆ ಬಲಗಡೆಯ ಬಾಗಿಲು ತೆರೆದು, “ಬಾರೋ ಮುದುಕ,” ಎಂದ. ಅಲ್ಲಿ ನನ್ನ ಹೆಂಡತಿ ಕೂತಿದ್ದಳು. ಅವಳು ಚೆನ್ನಾಗಿದ್ದೀರಾ ಎಂದಳು. ಅವನು ಬಾಗಿಲು ಹಿಡಿದುಕೊಂಡೇ ಬಗ್ಗಿ ನನ್ನನ್ನು ನೋಡಿದ. ದಾರಿಯಲ್ಲಿ ಇವಳು ಹಟ ಮಾಡಿದಳು, ಓಡಿಸಲಿ ಎಂದು ಬಿಟ್ಟೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

“ನನಗೆ ಎಚ್ಚರ ತಪ್ತಾ ಇದೆ ಕಣೋ,” ಎಂದೆ. “ಎರಡು ಸಲ ಆಯ್ತು. ಇನ್ಮೇಲೆ ಓಡಿಸೋದು ಇವಳೇ.”

ಅವನು ಎಂದಿನ ಹಾಗೆ ನಿಧಾನಕ್ಕೆ ಯೋಚನೆ ಮಾಡಿದ. ಕಾರು ಸುತ್ತಿಕೊಂಡು ನನ್ನ ಕಡೆಗೆ ಬಂದು, ಬಾಗಿಲು ತೆರೆದು, ಕೈ ಕೊಟ್ಟ. ಅವನ ಕೈ ಹಿಡಿದು ಇಳಿದೆ. ಹಿಡಿಯುವ ಅಗತ್ಯವೇನೂ ಇರಲಿಲ್ಲ.

ಊಟಕ್ಕೆ ಕೂತಾಗ ಅವನ ಹೆಂಡತಿ ಯಾವಾಗ ಆಯಿತು, ಎಷ್ಟು ಹೊತ್ತು, ನಿದ್ದೆ ಹೇಗಿದೆ ಎಂದು ಒಂದೊಂದಾಗಿ ಕೇಳಿದಳು. ದಿನವೂ ನೀರಿನಲ್ಲಿ ಮಕ್ಕಳ ಮೇಲೆ ಕಣ್ಣಿಟ್ಟು ಅಭ್ಯಾಸವಾದವಳು, ಗಾಬರಿ ಬೀಳಲಿಲ್ಲ. ಎಲ್ಲಕ್ಕೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಲಿಗೆ ಅಂಗಡಿಯ ಹೆಂಗಸು ನಾಲ್ಕು ಬೀದಿ ದಾಟಿಸಿ ಪಾರ್ಕ್ ಮಾಡಿದ್ದನ್ನು ಹೇಳಿದಾಗ ಸೆಕೆಂಡ್ ಗೇರ್ ಅನ್ನ ಬಾಯಲ್ಲಿಟ್ಟುಕೊಂಡೇ ನಗಲು ಶುರು ಮಾಡಿದ. ಅವನ ನಗು ಹೊರಡುವುದು ತಡ, ನಿಲ್ಲುವುದು ಇನ್ನೂ ತಡ. ಕೊನೆಗೆ ನಾಲ್ವರೂ ನಕ್ಕೆವು. ಹೆಂಡತಿಯೂ ನಕ್ಕಳು, ಆದರೆ ನನ್ನ ಕಡೆ ನೋಡಿ ನಗಲಿಲ್ಲ. ಆ ಸಿಟ್ಟು ಇನ್ನೂ ಬಾಕಿಯಿದೆ.

ಎಷ್ಟು ಗಂಟೆಯಲ್ಲಿ ಬಂದೆ ಎಂದು ಅವನು ಕೇಳಿದ, ವರ್ಷವೂ ಕೇಳುವ ಹಾಗೆ. ಹತ್ತೂವರೆ ಗಂಟೆ ಎಂದೆ. ಇದೂ ಒಂದು ದಾಖಲೆ ಎಂದ.

ಒಳಗೆ ಯಾರೋ ಎದ್ದ ಸದ್ದು. ನಿಲ್ಲಿಸುತ್ತೇನೆ.

ಅದೇ ದಿನ, ಸಂಜೆ

ಮನೆ ಸೇರಿದ್ದಾಯಿತು. ಹೆಂಡತಿ ಸ್ನಾನಕ್ಕೆ ಹೋಗಿದ್ದಾಳೆ. ಸ್ವಲ್ಪವೇ ಬರೆಯುತ್ತೇನೆ.

ಬರುವಾಗ ಹೆದ್ದಾರಿಯಲ್ಲೇ ಬಂದೆವು. ಊಟ ಮುಗಿಸಿ ಹೊರಟು ಒಂದು ಗಂಟೆಯಾಗಿರಬೇಕು, ಅವಳು ನನ್ನ ಭುಜ ಹಿಡಿದು ಜೋರಾಗಿ ಅಲುಗಾಡಿಸುತ್ತಿದ್ದಳು. ಕಾರು ರಸ್ತೆಯ ಬದಿಗೆ ನಿಂತಿತ್ತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಹೆಸರೇನು ಹೇಳಿ ಎಂದಳು. ಹೇಳಿದೆ. ಇವತ್ತು ಯಾವ ವಾರ ಎಂದಳು. ಅದನ್ನೂ ಹೇಳಿದೆ.

“ನಿದ್ದೆ ಕಣೇ,” ಎಂದೆ. “ಬರೀ ನಿದ್ದೆ.”

“ನೀವು ಕಾರಲ್ಲಿ ನಿದ್ದೆ ಮಾಡೋರಲ್ಲ.”

ಅದು ನಿಜ. ಯಾರೇ ಓಡಿಸಲಿ, ಎಷ್ಟೇ ದೂರವಿರಲಿ, ಓಡುವ ಗಾಡಿಯಲ್ಲಿ ನಾನು ಕಣ್ಣು ಮುಚ್ಚಿದವನಲ್ಲ. ಮಧ್ಯಾಹ್ನದ ಊಟ ಸ್ವಲ್ಪ ಜಾಸ್ತಿಯಾಗಿತ್ತು ಎಂದು ಕಾಣುತ್ತದೆ.

ಅವಳು ಸ್ಟೀರಿಂಗ್ ಮೇಲೆ ಹಣೆಯಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಬೆನ್ನ ಮೇಲೆ ಕೈಯಿಟ್ಟೆ, ಬೇಡ ಎನ್ನಲಿಲ್ಲ. ಆಮೇಲೆ ತಲೆಯೆತ್ತಿ, “ಇನ್ಮೇಲೆ ಮಲಗೋದಾದ್ರೆ ಹೇಳಿ ಮಲಗಿ,” ಎಂದಳು. ಕನ್ನಡಿ ನೋಡಿದಳು, ಸಿಗ್ನಲ್ ಹಾಕಿದಳು, ಮತ್ತೊಮ್ಮೆ ಕನ್ನಡಿ ನೋಡಿ ರಸ್ತೆಗೆ ಇಳಿಸಿದಳು.

ಅವಳಿಗಾಗಿಯಾದರೂ ಎದ್ದಿರಬೇಕೆಂದು ಹತ್ತು ನಿಮಿಷ ಒದ್ದಾಡಿದೆ. ಆಗಲಿಲ್ಲ. “ಮಲಗ್ತೀನಿ,” ಎಂದು ಹೇಳಿ ಮಲಗಿದೆ. ಎಚ್ಚರವಾದಾಗ ಮನೆಯ ಗೇಟು ಎದುರಿಗಿತ್ತು. ನಡುವಿನ ನೂರು ಕಿಲೋಮೀಟರ್ ಅವಳು ಹೇಗೆ ಓಡಿಸಿದಳೋ, ನಾನು ನೋಡಿಲ್ಲ.